ಸೀಟಿಗೆ ಮೀಸಲಾತಿ ಬಂತು, ಇಂಟರ್ನ್‌ಶಿಪ್‌ಗೆ ದಾರಿ ಇನ್ನೂ ದೂರ

1956ರ ನವೆಂಬರ್ 1ರವರೆಗೆ ಕಲಬುರಗಿ, ಬೀದರ್ ಭಾಗದವರಿಗೆ ರಾಜಧಾನಿ ಎಂದರೆ ಹೈದರಾಬಾದ್. ದೊಡ್ಡ ಓದಿಗೆ ಹೊರಟವರು ಸೇರುತ್ತಿದ್ದುದು 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ. ನಿಜಾಮರ ಕಾಲದಲ್ಲಿ ಅಲ್ಲಿ ಬೋಧನೆ ಉರ್ದುವಿನಲ್ಲಿ. ಮನೆಮಾತು ಕನ್ನಡವಾದ ಹುಡುಗರು ವಿಜ್ಞಾನ, ಕಾನೂನನ್ನೂ ಉರ್ದುವಿನಲ್ಲೇ ಕಲಿತರು. ರಾಜ್ಯ ಬದಲಾದಾಗ ರಾಜಧಾನಿ ದೂರವಾಯಿತು. ಕಲಬುರಗಿಯಿಂದ ಹೈದರಾಬಾದ್ ಸುಮಾರು 220 ಕಿ.ಮೀ., ಬೆಂಗಳೂರು ಐದುನೂರಕ್ಕೂ ಹೆಚ್ಚು.

ಆಮೇಲೆ ಓದು ಊರಿಗೇ ಬಂತು. 1958ರಲ್ಲಿ ಪಿಡಿಎ ಎಂಜಿನಿಯರಿಂಗ್ ಕಾಲೇಜು, 1963ರಲ್ಲಿ ವೈದ್ಯಕೀಯ ಕಾಲೇಜು, 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ. ಅಲ್ಲಿಯತನಕ ಪದವಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಮುದ್ರೆ ಬೇಕಿತ್ತು. 2013ರಲ್ಲಿ, ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಜಾರಿಯಾಗಿ, ಈ ಭಾಗದ ಸಂಸ್ಥೆಗಳಲ್ಲಿ ಶೇ 70 ಮತ್ತು ರಾಜ್ಯದ ಉಳಿದೆಡೆ ಶೇ 8 ಸೀಟುಗಳು ಸ್ಥಳೀಯರಿಗೆ ಮೀಸಲಾದವು. ಸಹಾಯಕ ಆಯುಕ್ತರ ಕಚೇರಿಯ ಪ್ರಮಾಣಪತ್ರ ಹಿಡಿದು ಬೆಂಗಳೂರಿನ ಒಳ್ಳೆಯ ಕಾಲೇಜು ಸೇರುವುದು ಬಡವರ ಮಕ್ಕಳಿಗೂ ಸಾಧ್ಯವಾಯಿತು. ಇದು ಸಣ್ಣ ಗೆಲುವಲ್ಲ.

ಆದರೆ ಕಂಪನಿ ಕೊಡುವ ಇಂಟರ್ನ್‌ಶಿಪ್‌ಗೆ ಆ ಮೀಸಲಾತಿ ತಾಗುವುದಿಲ್ಲ. ಎಂಜಿನಿಯರಿಂಗ್ ಪದವಿ ಕೊಡುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಪಠ್ಯಕ್ರಮದಲ್ಲಿ ಕೊನೆಯ ವರ್ಷ 14ರಿಂದ 20 ವಾರಗಳ ಇಂಟರ್ನ್‌ಶಿಪ್ ಮಾಡಬೇಕು. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಅಷ್ಟು ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವ ಉದ್ಯಮಗಳಿಲ್ಲ. ಹಾಗಾಗಿ ನಾಲ್ಕೈದು ತಿಂಗಳು ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಇರಲೇಬೇಕಾಗುತ್ತದೆ, ಹಲವೆಡೆ ಭತ್ಯೆ ಇಲ್ಲದೆ. ಪೇಯಿಂಗ್ ಗೆಸ್ಟ್ ವಸತಿಗೆ ಬಾಡಿಗೆಯ ಜೊತೆ ಅಡ್ವಾನ್ಸ್. ಬಿಡುವಾಗ ತಿಂಗಳ ಮುಂಚೆ ಹೇಳದಿದ್ದರೆ ಅದರಲ್ಲೂ ಕಡಿತ. ಕಾಲೇಜು ಕಲಬುರಗಿಯಲ್ಲಿದ್ದರೆ ಹಾಸ್ಟೆಲ್ ಸೀಟೂ ಅಲ್ಲೇ, ಅದು ಬೆಂಗಳೂರಿನಲ್ಲಿ ಉಪಯೋಗಕ್ಕಿಲ್ಲ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ರಾಜ್ಯ ಸರ್ಕಾರ ಕೊಡುವ ವಿದ್ಯಾಸಿರಿಯ ತಿಂಗಳ ಹಣ ಊಟಕ್ಕೂ ಸಾಲದು. ಇಂಟರ್ನ್‌ಶಿಪ್ ಅವಧಿಗಾದರೂ ರಾಜಧಾನಿಯ ಸರ್ಕಾರಿ ಹಾಸ್ಟೆಲುಗಳಲ್ಲಿ ಇವರಿಗೆ ಜಾಗ ಕೊಡಬೇಕು. ಕಡ್ಡಾಯ ಮಾಡಿದವರು ಖರ್ಚಿನ ಲೆಕ್ಕವನ್ನೂ ಮಾಡಬೇಕಲ್ಲವೇ?

ಈ ಇಕ್ಕಟ್ಟಿನಲ್ಲೇ ದುಡ್ಡು ಕಟ್ಟಿಸಿಕೊಂಡು ಪ್ರಮಾಣಪತ್ರ ಕೊಡುವ ತರಬೇತಿ ಅಂಗಡಿಗಳು ಬೆಳೆದಿವೆ. ಕೆಲಸ ಕೊಡುವ ಕಂಪನಿ ನೋಂದಣಿ ಶುಲ್ಕ ಕೇಳುವುದಿಲ್ಲ. ಕೇಳಿದರೆ ಅಲ್ಲಿಗೇ ಬಿಡಿ. ಆಫರ್ ಪತ್ರದಲ್ಲಿ ಆರಂಭ ಮತ್ತು ಮುಕ್ತಾಯದ ದಿನಾಂಕ, ಮಾರ್ಗದರ್ಶಕರ ಹೆಸರು, ಭತ್ಯೆ ಇವೆಯೇ ನೋಡಿ. ದಿನಾಂಕ ಪರೀಕ್ಷೆಯ ಮೇಲೆ ಬಿದ್ದರೆ ಕಾಲೇಜು ನಿರಾಕ್ಷೇಪಣಾ ಪತ್ರ ಕೊಡುವುದಿಲ್ಲ. ರೈಲಿನ ಮುಂಗಡ ಕಾಯ್ದಿರಿಸುವಿಕೆ 60 ದಿನ ಮೊದಲೇ ತೆರೆಯುತ್ತದೆ, ಆಫರ್ ಬರುವುದು ವಾರದ ಮುಂಚೆ. ಮುಂಬೈ ಕಡೆಯಿಂದ ಬರುವ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಆಗ ಬರ್ತ್ ಸಿಗುವುದು ಕಷ್ಟ. 2024ರಲ್ಲಿ ಬಂದ ಕಲಬುರಗಿ–ಬೆಂಗಳೂರು ವಂದೇ ಭಾರತ್ ಇಲ್ಲಿಂದಲೇ ಹೊರಡುತ್ತದೆ, ಆದರೆ ದರ ದುಬಾರಿ.

ಸರ್ಕಾರದ ಇಂಟರ್ನ್‌ಶಿಪ್‌ಗಳೂ ಇವೆ. ದಿಲ್ಲಿಯಲ್ಲಿರುವ ಕೇಂದ್ರ ಸರ್ಕಾರದ ನೀತಿ ಆಯೋಗದ ಇಂಟರ್ನ್‌ಶಿಪ್ ಆರು ವಾರದಿಂದ ಆರು ತಿಂಗಳು. ಸಂಬಳವಿಲ್ಲ, ಲ್ಯಾಪ್‌ಟಾಪ್ ನಿಮ್ಮದೇ. ಪದವಿ ಓದುತ್ತಿರುವವರಿಗೆ ಪಿಯುಸಿಯಲ್ಲಿ ಶೇ 85 ಬೇಕು. ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ 2024ರ ಅಕ್ಟೋಬರ್‌ನಲ್ಲಿ ಆರಂಭವಾದಾಗ ತಿಂಗಳಿಗೆ 5,000 ರೂಪಾಯಿ, ಜೊತೆಗೆ ಒಂದು ಸಲ ಮಾತ್ರ 6,000 ರೂಪಾಯಿ ಇತ್ತು. ವಯಸ್ಸು 21ರಿಂದ 24, ಅವಧಿ ಒಂದು ವರ್ಷ. ಪೂರ್ಣಾವಧಿ ಓದುತ್ತಿರುವವರಿಗೆ ಅರ್ಹತೆ ಇರಲಿಲ್ಲ. ಅಂದರೆ ಎಂಟನೇ ಸೆಮಿಸ್ಟರಿನ ಕಡ್ಡಾಯ ಇಂಟರ್ನ್‌ಶಿಪ್‌ಗೆ ಆ ಹಣ ದಕ್ಕಲಿಲ್ಲ. ಓದು ಮುಗಿಸಿ ಕೆಲಸ ಹುಡುಕುವವರಿಗೆ ಮಾತ್ರ ಅದು ದಾರಿಯಾಯಿತು.