ಕಾಗೆಗೆ ತನ್ನ ಮೊಟ್ಟೆಯ ಗುರುತು ಸಿಗುವುದಿಲ್ಲವೇ?

ಪ್ರಶ್ನೆ: ಕಾಗೆ ಅಷ್ಟು ಜಾಣ ಹಕ್ಕಿ. ಆದರೂ ತನ್ನದೇ ಗೂಡಿನಲ್ಲಿ ಕೋಗಿಲೆ ಇಟ್ಟುಹೋದ ಮೊಟ್ಟೆಗೆ ಕಾವು ಕೊಡುತ್ತದಲ್ಲ, ಅದು ಹೇಗೆ?

ಉತ್ತರ: ಕಾಗೆಯನ್ನು ಪೆದ್ದು ಎನ್ನುವ ಮೊದಲು ಗೂಡಿನೊಳಗೆ ಒಮ್ಮೆ ಇಣುಕಬೇಕು. ಕಾಗೆಯ ಮೊಟ್ಟೆ ತಿಳಿ ನೀಲಿ-ಹಸಿರು, ಮೈತುಂಬ ಕಂದು ಚುಕ್ಕೆ. ಕೋಗಿಲೆಯದೂ ಹೆಚ್ಚುಕಡಿಮೆ ಅದೇ ಬಣ್ಣ, ಗಾತ್ರ ಮಾತ್ರ ಚಿಕ್ಕದು. ಕಾಗೆಗಳು ಕೋಗಿಲೆಯನ್ನು ಕಂಡರೆ ಬಿಡುವುದಿಲ್ಲ, ಅಟ್ಟಾಡಿಸುತ್ತವೆ. ಕರಿ ಗಂಡು ಕೋಗಿಲೆ ಆ ಸಿಟ್ಟನ್ನೇ ಬಳಸಿಕೊಂಡು ಅವನ್ನು ದೂರ ಸೆಳೆಯುತ್ತದೆ. ಚುಕ್ಕೆಚುಕ್ಕೆಯ ಹೆಣ್ಣಿಗೆ ಮೊಟ್ಟೆಯಿಡಲು ಅಷ್ಟು ಹೊತ್ತು ಸಾಕು. ನಮ್ಮ ಹಳೆಯ ಕವಿಗಳು ಕೋಗಿಲೆಯನ್ನು ಪರಪುಷ್ಟ, ಅಂದರೆ ಪರರು ಸಾಕಿದ್ದು, ಎಂದು ಕರೆದದ್ದು ಇದನ್ನೆಲ್ಲ ಬಲ್ಲವರಾಗಿಯೇ.

ಅನುಮಾನ ಬಂದದ್ದನ್ನೆಲ್ಲ ಎಸೆಯುವ ಕಾಗೆ ಒಂದು ದಿನ ತನ್ನ ಮೊಟ್ಟೆಯನ್ನೇ ಎಸೆದೀತು. ಮೇಲಾಗಿ ಕೋಗಿಲೆ ಮರಿಯ ಜೊತೆಗೇ ಕಾಗೆಮರಿಗಳೂ ಎಷ್ಟೋ ಸಲ ಬದುಕಿಕೊಳ್ಳುತ್ತವೆ. ಸಹಿಸಿಕೊಳ್ಳುವುದೇ ಕಾಗೆಗೆ ಕಡಿಮೆ ನಷ್ಟದ ದಾರಿ ಎಂಬುದು ನನ್ನ ಎಣಿಕೆ.

ಇಡೀ ಸಂಸಾರವೇ ಹೋಗುವ ಕಡೆ ಹಕ್ಕಿ ಸುಮ್ಮನಿರುವುದಿಲ್ಲ. ಆಫ್ರಿಕಾದ ಜಾಂಬಿಯಾದಲ್ಲಿ ಒಂದು ಪ್ರೀನಿಯಾ ಇದೆ, ನಮ್ಮ ಹೊಲದ ಬದುಗಳಲ್ಲಿ ಕಾಣುವ ಪ್ರೀನಿಯಾಗಳ ನೆಂಟ, ಗುಬ್ಬಿಗಿಂತ ಎಷ್ಟೋ ಸಣ್ಣದು. ಅದರ ಗೂಡಿಗೆ ಕನ್ನ ಹಾಕುವುದು ಕುಕೂ ಫಿಂಚ್. ಹೆಸರಲ್ಲಿ ಕುಕೂ ಇದ್ದರೂ ಅದು ಕೋಗಿಲೆಯ ಕುಲದ್ದಲ್ಲ. ಅದರ ಮರಿ ತುತ್ತನ್ನೆಲ್ಲ ಕಸಿದು ತಿನ್ನುವುದರಿಂದ ಪ್ರೀನಿಯಾದ ಮರಿಗಳು ಸಾಮಾನ್ಯವಾಗಿ ಹಸಿದು ಸಾಯುತ್ತವೆ.

ಪ್ರೀನಿಯಾ ಕಂಡುಕೊಂಡ ಉಪಾಯ ನನಗೆ ಎಷ್ಟು ಓದಿದರೂ ಬೆರಗು. ಒಂದೊಂದು ಹೆಣ್ಣಿನ ಮೊಟ್ಟೆಗೂ ಒಂದೊಂದು ರುಜು. ಒಂದರದ್ದು ಬಿಳಿ, ಇನ್ನೊಂದರದ್ದು ನೀಲಿ, ಮತ್ತೊಂದರದ್ದು ಕೆಂಪು ಛಾಯೆ. ಮೇಲೆ ಮಸಿ ಚೆಲ್ಲಿದಂಥ ಕಲೆ, ಪೆನ್ನಿನಿಂದ ಗೀಚಿದಂಥ ಎಳೆ. ಬದುಕಿರುವಷ್ಟು ಕಾಲ ಆ ಹೆಣ್ಣು ಅದೇ ಬಗೆಯ ಮೊಟ್ಟೆ ಇಡುತ್ತದೆ, ಹೊಂದದ ಮೊಟ್ಟೆ ಕಂಡರೆ ಹೊರಗೆಸೆಯುತ್ತದೆ. ಫಿಂಚ್ ಕೂಡ ಬಗೆಬಗೆಯ ಬಣ್ಣದಲ್ಲಿ ನಕಲು ಮಾಡುತ್ತದೆ. ಅಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ವಿಜ್ಞಾನಿ ಕ್ಲೇರ್ ಸ್ಪಾಟಿಸ್‌ವುಡ್ ಮತ್ತು ಸಂಗಡಿಗರು ಸುಮಾರು 40 ವರ್ಷಗಳ ಅವಧಿಯ ಮೊಟ್ಟೆಗಳನ್ನು ಹೋಲಿಸಿ ನೋಡಿದರು. ಅಸಲಿನ ಬಣ್ಣ ಬದಲಾಗುತ್ತ ಬಂದಿತ್ತು, ನಕಲಿನದೂ ಅದರ ಬೆನ್ನಿಗೇ ಬದಲಾಗಿತ್ತು.

ಆದರೆ ಫಿಂಚ್‌ಗೆ ಒಂದು ತೊಡಕಿದೆ, ಅದನ್ನು ಇದೇ ತಂಡ 2022ರಲ್ಲಿ ತೋರಿಸಿಕೊಟ್ಟಿತು. ಫಿಂಚ್ ಹೆಣ್ಣಿಗೆ ಮೊಟ್ಟೆಯ ಬಣ್ಣ ಬರುವುದು ತಾಯಿಯ ಕಡೆಯಿಂದ ಮಾತ್ರ. ತಾಯಿ ನೀಲಿಯಾದರೆ ಮಗಳೂ ನೀಲಿ, ಕೆಂಪಾದರೆ ಕೆಂಪು. ಪ್ರೀನಿಯಾಗೆ ಅಪ್ಪ-ಅಮ್ಮ ಇಬ್ಬರ ಕಡೆಯಿಂದಲೂ ಬರುತ್ತದೆ, ಹಾಗಾಗಿ ಎರಡೂ ಬಣ್ಣ ಬೆರೆತು ಆಲಿವ್ ಹಸಿರಿನ ಮೊಟ್ಟೆ ಹುಟ್ಟುತ್ತದೆ. ಆ ಹಸಿರನ್ನು ನಕಲು ಮಾಡಲು ಫಿಂಚ್‌ಗೆ ಇನ್ನೂ ಆಗಿಲ್ಲ.