ಐದು ಜನರ ಆಫೀಸಿಗೆ ಎಷ್ಟು ಲೈನಿನ ಫೋನ್ ಬೇಕು?

ಪ್ರಶ್ನೆ: ನಮ್ಮದು ಐದು ಜನರ ಸಣ್ಣ ಆಫೀಸು. ಈಗ ಇರುವುದು ಒಂದೇ ಲ್ಯಾಂಡ್‌ಲೈನ್. ಯಾವಾಗ ಮಾಡಿದರೂ ಬಿಜಿ ಬರುತ್ತದೆ ಎಂದು ಗ್ರಾಹಕರು ಬೇಸರ ಮಾಡಿಕೊಳ್ಳುತ್ತಾರೆ. ಎರಡು ಲೈನಿನ ಡೆಸ್ಕ್ ಫೋನ್ ಸಾಕಾ, ಇಲ್ಲಾ ನಾಲ್ಕು ಲೈನಿನದ್ದೇ ಬೇಕಾ?

ಉತ್ತರ: ಎಷ್ಟು ಜನ ಇದ್ದೀರಿ ಅನ್ನುವುದನ್ನು ಸ್ವಲ್ಪ ಪಕ್ಕಕ್ಕಿಡಿ. ದಿನದಲ್ಲಿ ಅತಿ ಗಡಿಬಿಡಿಯ ಒಂದು ಗಂಟೆ ಇರುತ್ತದಲ್ವಾ, ಆ ಗಂಟೆಯಲ್ಲಿ ಎಷ್ಟು ಕರೆ, ಒಂದೊಂದು ಎಷ್ಟು ನಿಮಿಷ ಅನ್ನುವುದೇ ಮುಖ್ಯ. ಒಂದು ವಾರ ಫೋನಿನ ಪಕ್ಕ ಒಂದು ಹಾಳೆ ಇಟ್ಟು ಬರೆಯಿರಿ. ನೀವು ಹೊರಗೆ ಮಾಡುವ ಕರೆಗಳನ್ನೂ ಸೇರಿಸಿ. ಅವೂ ಲೈನ್ ಹಿಡಿದಿಟ್ಟುಕೊಳ್ಳುತ್ತವೆ.

ಈ ಲೆಕ್ಕಕ್ಕೆ ನೂರು ವರ್ಷಕ್ಕಿಂತ ಹಳೆಯ ಸೂತ್ರವೊಂದಿದೆ. ಕೋಪನ್‌ಹೇಗನ್‌ನ ಟೆಲಿಫೋನ್ ಕಂಪನಿಯಲ್ಲಿದ್ದ ಗಣಿತಜ್ಞ ಅಗ್ನರ್ ಎರ್ಲಾಂಗ್ 1917ರಲ್ಲಿ ಅದನ್ನು ಪ್ರಕಟಿಸಿದರು. ಗಂಟೆಗೆ 20 ಕರೆ, ಒಂದೊಂದು ಸರಾಸರಿ 3 ನಿಮಿಷ ಎಂದುಕೊಳ್ಳಿ. ಒಟ್ಟು 60 ನಿಮಿಷದ ಮಾತು. ಒಂದು ಗಂಟೆಗೆ 60 ನಿಮಿಷ, ಹಾಗಾದರೆ ಒಂದೇ ಲೈನ್ ಸಾಕು ಅನ್ನಿಸಬಹುದು. ಆದರೆ ಕರೆಗಳು ಸಾಲಾಗಿ ನಿಂತು ಒಂದಾದ ಮೇಲೆ ಒಂದು ಬರುವುದಿಲ್ಲ. ಒಂದು ಲೈನ್ ಇದ್ದರೆ ಇಬ್ಬರಲ್ಲಿ ಒಬ್ಬರಿಗೆ ಬಿಜಿ ಟೋನ್. ಎರಡಿದ್ದರೆ ಐವರಲ್ಲಿ ಒಬ್ಬರಿಗೆ, ಮೂರಿದ್ದರೆ 16ರಲ್ಲಿ ಒಬ್ಬರಿಗೆ, ನಾಲ್ಕಿದ್ದರೆ 65ರಲ್ಲಿ ಒಬ್ಬರಿಗೆ.

ಇನ್ನೊಂದು ವಿಷಯ. ಬಿಜಿ ಟೋನ್ ಕೇಳಿ ಇಟ್ಟವರ ಲೆಕ್ಕ ನಿಮ್ಮ ಹಾಳೆಯಲ್ಲಿ ಇರುವುದೇ ಇಲ್ಲ. ಈಗಿನ ಒಂದೇ ಲೈನಿನಲ್ಲಿ ಗಂಟೆಗೆ 3 ನಿಮಿಷದ 10 ಕರೆ ಸಿಕ್ಕಿದ್ದರೆ, ಮತ್ತೆ 10 ಸಲ ಯಾರೋ ಮಾಡಿ, ಸಿಗದೆ ಬಿಟ್ಟಿರಬಹುದು. ಆದ್ದರಿಂದ ಹಾಳೆ ಹೇಳುವುದಕ್ಕಿಂತ ಜಾಸ್ತಿಯೇ ಇಟ್ಟುಕೊಂಡು ಯೋಚಿಸಿ. ನಿಮ್ಮ ಆಫೀಸಿನ ಕರೆಗಳು ಈ ಅಳತೆಯವಾದರೆ ಮೂರು ಲೈನ್ ಬೇಕೇ ಬೇಕು ಎಂದು ನನಗನ್ನಿಸುತ್ತದೆ. ಎರಡು ಹಾಕಿಸಿದರೆ ದೂರು ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ.

ಈಗ ಫೋನಿಗೆ ಬರೋಣ. ನಾಲ್ಕು ಲೈನಿನ ಫೋನ್ ತಂದ ಮಾತ್ರಕ್ಕೆ ನಾಲ್ಕು ಲೈನ್ ಬರುವುದಿಲ್ಲ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಅಂಥ ಫೋನ್ ಕೊಂಡು ತಂದಿದ್ದರು. ಸಂಪರ್ಕ ಇದ್ದದ್ದು ಒಂದೇ. ಉಳಿದ ಮೂರು ಗುಂಡಿಗಳ ದೀಪ ಒಂದು ದಿನವೂ ಹೊತ್ತಲಿಲ್ಲ. ಸಂಪರ್ಕಗಳನ್ನು ಬೇರೆಯಾಗಿ ಕೇಳಿ ಹಾಕಿಸಬೇಕು. ಹಾಕಿಸುವಾಗ ‘ಹಂಟಿಂಗ್’ ಬೇಕು ಎಂದು ಹೇಳುವುದನ್ನು ಮರೆಯಬೇಡಿ. ಆಗ ಗ್ರಾಹಕರು ಹಳೆಯ ನಂಬರಿಗೇ ಮಾಡುತ್ತಾರೆ. ಅದು ಬಿಜಿ ಇದ್ದರೆ ಕರೆ ತಾನಾಗಿ ಮುಂದಿನ ಲೈನಿಗೆ ಹೋಗುತ್ತದೆ.

ಲ್ಯಾಂಡ್‌ಲೈನಿನಲ್ಲೇ ಮುಂದುವರಿಯುತ್ತೀರಾದರೆ ತಂತಿ ನೋಡಿ. ನಾಲ್ಕು ಎಳೆಯ ಟೆಲಿಫೋನ್ ತಂತಿಯಲ್ಲಿ ಎರಡು ಲೈನ್ ಹೋಗುತ್ತವೆ. ನಾಲ್ಕು ಲೈನಿಗೆ ಅಂಥ ಎರಡು ತಂತಿ ಬೇಕು, ಅದೂ ಫೋನ್ ಇಡುವ ಪ್ರತಿ ಮೇಜಿಗೆ. ಫೋನಿಗಿಂತ ವೈರಿಂಗ್ ಕೆಲಸವೇ ದೊಡ್ಡದಾಗಬಹುದು.

ಇಂಟರ್ನೆಟ್ ಮೇಲೆ ನಡೆಯುವ ಐಪಿ ಫೋನಿಗೆ ಒಂದು ನೆಟ್‌ವರ್ಕ್ ಕೇಬಲ್ ಸಾಕು. ಆದರೆ ಇಲ್ಲಿ ‘ಲೈನ್’ ಎಂಬ ಮಾತಿಗೆ ಅರ್ಥವೇ ಬೇರೆ, ತುಂಬಾ ಜನ ಎಡವುವುದೂ ಇಲ್ಲೇ. ಡಬ್ಬಿಯ ಮೇಲೆ ಎರಡು ಲೈನ್ ಎಂದಿದ್ದರೆ ಸಾಮಾನ್ಯವಾಗಿ ಎರಡು ಖಾತೆ, ಅಂದರೆ ಸೇವೆ ಕೊಡುವವರಲ್ಲಿ ಫೋನ್ ನೋಂದಾಯಿಸಿಕೊಳ್ಳುವ ಎರಡು ಲಾಗಿನ್ ಎಂದರ್ಥ. ಒಂದೇ ಖಾತೆಯಲ್ಲಿ ಒಂದಕ್ಕಿಂತ ಹೆಚ್ಚು ಕರೆ ನಡೆಯಬಹುದು. ಹಾಗಾಗಿ ಪ್ರತಿ ಮೇಜಿನ ಮೇಲೂ ಮೂರು ಲೈನಿನ ಫೋನ್ ಬೇಕಿಲ್ಲ. ಆಫೀಸಿಗೆ ಒಟ್ಟು ಒಂದೇ ಹೊತ್ತಿಗೆ ಎಷ್ಟು ಕರೆ ನಡೆಯಬಹುದು ಎಂದು ಸೇವೆ ಕೊಡುವವರನ್ನು ಕೇಳಿ. ನಿಮ್ಮ ಹಾಳೆಯ ಲೆಕ್ಕ ಉಪಯೋಗಕ್ಕೆ ಬರುವುದು ಅಲ್ಲಿ. ಇಂಟರ್ನೆಟ್ ವೇಗದ ಚಿಂತೆ ಅಷ್ಟು ಬೇಡ. ದನಿ ಕಳಿಸುವ ಜಿ.711 ಎಂಬ ಸಾಮಾನ್ಯ ಪದ್ಧತಿಯಲ್ಲಿ ಒಂದು ಕರೆಗೆ ಹೋಗುವ ಕಡೆ, ಬರುವ ಕಡೆ ತಲಾ ಸೆಕೆಂಡಿಗೆ ಸುಮಾರು 87 ಕಿಲೋಬಿಟ್ ಹಿಡಿಯುತ್ತದೆ, ಅಷ್ಟೇ. ನೆಟ್ ಆಗಾಗ ಕಡಿದುಹೋಗುತ್ತದೆಯೇ ಅನ್ನುವುದನ್ನು ಮಾತ್ರ ಗಟ್ಟಿಯಾಗಿ ನೋಡಿಕೊಳ್ಳಿ. ಹಾಗೆ ಕಡಿಯದಿದ್ದರೆ ನಾನು ಐಪಿ ಫೋನನ್ನೇ ಆರಿಸುತ್ತೇನೆ.

ಕರೆಂಟಿನ ವಿಷಯವೂ ಇದೆ. ಐಪಿ ಫೋನಿಗೆ ಕರೆಂಟ್ ಬೇಕೇ ಬೇಕು. ‘ಪಿಒಇ’ ಇರುವ ನೆಟ್‌ವರ್ಕ್ ಸ್ವಿಚ್ (ಎಲ್ಲ ಮೇಜಿನ ಕೇಬಲ್ ಬಂದು ಸೇರುವ ಡಬ್ಬಿ) ತಗೊಂಡರೆ ನೆಟ್‌ವರ್ಕ್ ಕೇಬಲಿನಲ್ಲೇ ಫೋನಿಗೆ ವಿದ್ಯುತ್ ಬರುತ್ತದೆ. ಆಗ ರೂಟರ್ ಮತ್ತು ಸ್ವಿಚ್ ಎರಡಕ್ಕೂ ಒಂದು ಯುಪಿಎಸ್ ಇಟ್ಟರೆ, ಕರೆಂಟ್ ಹೋದರೂ ಎಲ್ಲ ಮೇಜಿನ ಫೋನೂ ನಡೆಯುತ್ತದೆ. ಇಂಟರ್ನೆಟ್ ತರುವ ಫೈಬರ್ ಡಬ್ಬಿ ಬೇರೆ ಇದ್ದರೆ ಅದನ್ನೂ ಯುಪಿಎಸ್‌ಗೆ ಸೇರಿಸಿ.

ಕೊಳ್ಳುವ ಮುಂಚೆ ಒಂದು ಸಲ ನೀವೇ ಕೈಯಾರೆ ಮಾಡಿ ನೋಡಿ. ಒಂದು ಕರೆಯಲ್ಲಿರುವಾಗ ಇನ್ನೊಂದು ಮಾಡಿಸಿ. ಮೊದಲನೆಯದನ್ನು ಹೋಲ್ಡ್‌ನಲ್ಲಿಡಿ, ಎರಡನೆಯದನ್ನು ಎತ್ತಿ ಮಾತಾಡಿ, ಮತ್ತೆ ಮೊದಲನೆಯದಕ್ಕೆ ಬನ್ನಿ. ಆಮೇಲೆ ನೀವು ಹೋಲ್ಡ್‌ನಲ್ಲಿಟ್ಟ ಕರೆಯನ್ನು ಪಕ್ಕದ ಮೇಜಿನವರು ತಮ್ಮ ಫೋನಿನಿಂದ ಎತ್ತಿಕೊಳ್ಳಲಿ. ಐದು ಜನರ ಆಫೀಸಿನಲ್ಲಿ ದಿನಕ್ಕೆ ಹತ್ತಾರು ಸಲ ನಡೆಯುವ ಕೆಲಸ ಇದು. ಇಷ್ಟಕ್ಕೆ ಮೆನುವಿನೊಳಗೆ ಹುಡುಕಬೇಕಾಗಿ ಬಂದರೆ ಆ ಫೋನ್ ಬೇಡ. ಎಷ್ಟು ಲೈನ್ ಇದ್ದರೂ ಬೇಡ.