ಇನ್ನೊಂದು ಸುತ್ತು ಟೈಟ್ ಮಾಡಿ ಅನ್ನುವವರಿಗೆ

ಭಾನುವಾರ ಬೆಳಗ್ಗೆ ಒಂಬತ್ತರ ಹೊತ್ತಿಗೆ ಬೆಂಗಳೂರಿನ ಬೈಕುಗಳು ಹಾಸನ ಮುಟ್ಟುತ್ತವೆ. ಸಕಲೇಶಪುರಕ್ಕೋ ಬಿಸಿಲೆ ಘಾಟಿಗೋ ಹೊರಟವರು. ಬಿ.ಎಂ. ರಸ್ತೆಯಲ್ಲಿ ತಿಂಡಿ ಮುಗಿಸಿ, ಹೆಲ್ಮೆಟ್ ಕೈಯಲ್ಲಿ ತೂಗಾಡಿಸಿಕೊಂಡು ಅವರಲ್ಲಿ ಒಬ್ಬನಾದರೂ ನಮ್ಮ ಗ್ಯಾರೇಜಿಗೆ ಬರುತ್ತಾನೆ.

'ಅಣ್ಣಾ, ಮುಂದಿನ ಫೈಬರ್ ಝರ್ರ್ ಅಂತಿದೆ. ಬೋಲ್ಟೆಲ್ಲಾ ಇನ್ನೊಂದು ಸುತ್ತು ಟೈಟ್ ಮಾಡಿಬಿಡಿ.'

ಮಾಡಲ್ಲ ಅಂದರೆ ಮುಖ ಸಪ್ಪಗಾಗುತ್ತದೆ. ಕೆಲಸ ಬರದವನ ಹತ್ತಿರ ಬಂದುಬಿಟ್ಟೆ ಅನ್ನುವ ಹಾಗೆ ಪಕ್ಕದ ಗೆಳೆಯನನ್ನು ನೋಡುತ್ತಾನೆ. ನಾನು ಸ್ಪ್ಯಾನರ್ ಹಿಡಿದು ಇಪ್ಪತ್ತೈದು ವರ್ಷ ದಾಟಿತು. ಈ ಒಂದು ಮಾತನ್ನು ದಿನಾ ಹೇಳಿ ಹೇಳಿ ಗಂಟಲು ಒಣಗಿದೆ. ಅದಕ್ಕೇ ಒಮ್ಮೆ ಬರೆದುಬಿಡೋಣ ಅನ್ನಿಸಿತು.

ಗಾಡಿಯ ಮುಂದೆ, ಪಕ್ಕದಲ್ಲಿ ಹೊದಿಸಿರುವ ಈ ಫೈಬರಿಗೆ ಫೇರಿಂಗ್ ಅನ್ನುತ್ತಾರೆ. ಅದಕ್ಕಿಂತ ಹೆಚ್ಚು ಹೇಳುತ್ತಾ ಕೂರುವುದಿಲ್ಲ. ಓದುತ್ತಿರುವವರ ಮನೆ ಮುಂದೆ ಒಂದು ಆರ್15, ಆರ್‌ಸಿ, ಆರ್‌ಎಸ್200 ಅಥವಾ ಹಳೇ ಪಲ್ಸರ್ 220 ನಿಂತಿದೆ ಅಂದುಕೊಳ್ಳುತ್ತೇನೆ. ಇವೆಲ್ಲಾ ಒಂಟಿ ಸಿಲಿಂಡರಿನ ಗಾಡಿಗಳು. 6000 ಆರ್‌ಪಿಎಂ ಅಂದರೆ ಇಂಜಿನ್ನಿನೊಳಗಿನ ಕ್ರ್ಯಾಂಕ್ ದಂಡ ನಿಮಿಷಕ್ಕೆ ಅಷ್ಟು, ಸೆಕೆಂಡಿಗೆ 100 ಸುತ್ತು. ಸುತ್ತು ಸುತ್ತಿಗೂ ಪಿಸ್ಟನ್ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಒಳಗೆ ನಡುಕ ತಗ್ಗಿಸುವ ಬ್ಯಾಲೆನ್ಸರ್ ಶಾಫ್ಟ್ ಇದ್ದರೂ ಅಷ್ಟೋ ಇಷ್ಟೋ ನಡುಕ ಚಾಸಿಗೆ, ಅಂದರೆ ಗಾಡಿಯ ಲೋಹದ ಚೌಕಟ್ಟಿಗೆ, ಬಂದೇ ಬರುತ್ತದೆ. ಅದನ್ನು ಯಾರೂ ನಿಲ್ಲಿಸಲಾರರು. ಆ ನಡುಕ ಫೈಬರಿಗೆ ದಾಟದಂತೆ ನೋಡಿಕೊಳ್ಳುವುದಷ್ಟೇ ನಮ್ಮ ಕೈಲಿರುವುದು.

ಎಲ್ಲರೂ ಎಡವುವುದು ಇಲ್ಲೇ. ಫೇರಿಂಗನ್ನು ಬಾಗಿಲಿಗೆ ಚಿಲಕ ಬಿಗಿದ ಹಾಗೆ ಚಾಸಿಗೆ ಬಿಗಿದಿರುವುದಿಲ್ಲ. ರಬ್ಬರಿನ ಮೇಲೆ ಕೂರಿಸಿರುತ್ತಾರೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಕೇಳಿ. ಮುಖ್ಯ ಬೋಲ್ಟು ಇರುವ ಕಡೆ ಫೈಬರಿನಲ್ಲಿ ಒಂದು ದೊಡ್ಡ ತೂತು ಇರುತ್ತದೆ. ಆ ತೂತಿನೊಳಗೆ ರಬ್ಬರಿನ ಉಂಗುರ. ಮಧ್ಯದಲ್ಲಿ ತೋಡು ಇರುವುದರಿಂದ ಅದು ಫೈಬರಿನ ಅಂಚನ್ನು ಎರಡೂ ಕಡೆಯಿಂದ ಕಚ್ಚಿಕೊಂಡು ಕೂರುತ್ತದೆ. ರಬ್ಬರಿನ ಹೊಟ್ಟೆಯೊಳಗೆ ಒಂದು ಸಣ್ಣ ಲೋಹದ ಕೊಳವೆ. ಒಂದು ತುದಿಗೆ ಟೋಪಿಯ ಹಾಗೆ ಅಂಚು. ಕಂಪನಿಯವರು ಕಾಲರ್ ಅನ್ನುತ್ತಾರೆ, ನಾವು ಬರೀ ಬುಷ್ ಅನ್ನುತ್ತೇವೆ. ಬೋಲ್ಟು ಹೋಗುವುದು ಈ ಬುಷ್ ಒಳಗಿಂದ.

ಈಗ ಬೋಲ್ಟು ಬಿಗಿಯಿರಿ. ಬುಷ್ಷಿನ ತಳ ಹೋಗಿ ಚಾಸಿಗೆ ಮುಟ್ಟುತ್ತದೆ. ಅಲ್ಲಿಗೆ ಬೋಲ್ಟು ನಿಂತಿತು. ಅದು ಬಿಗಿದದ್ದು ಬುಷ್ಷನ್ನು ಮಾತ್ರ, ಫೈಬರನ್ನು ಅಲ್ಲ. ಬುಷ್ಷಿನ ಉದ್ದ ರಬ್ಬರಿನ ದಪ್ಪಕ್ಕಿಂತ ಒಂದು ಕೂದಲೆಳೆ ಕಡಿಮೆ ಇರುವುದರಿಂದ ರಬ್ಬರು ಹಿತವಾಗಿ ಅದುಮುತ್ತದೆ, ಅಷ್ಟೇ. ಫೈಬರು ಚಾಸಿಗೆ ಎಲ್ಲೂ ತಾಗಿಲ್ಲ. ರಬ್ಬರಿನಲ್ಲಿ ತೇಲುತ್ತಿದೆ.

ಹಾಗಾಗಿ ಎಲ್ಲಾ ಸರಿ ಇರುವ ಫೇರಿಂಗನ್ನು ಬೆರಳಲ್ಲಿ ಒತ್ತಿದರೆ ಒಂದೆರಡು ಮಿಲಿಮೀಟರ್ ಅಲ್ಲಾಡಬೇಕು. ಅಲ್ಲಾಡಿ ವಾಪಸ್ ಬರಬೇಕು. ಇದನ್ನು ಕಂಡು 'ಲೂಸ್ ಇದೆ' ಅಂತ ಗಾಬರಿಯಾಗಿ ಬಿಗಿಯುತ್ತಾರಲ್ಲ, ಅಲ್ಲಿಂದಲೇ ತೊಂದರೆ ಶುರು. ಬುಷ್ ಇದ್ದರೆ ಪರವಾಗಿಲ್ಲ, ಬಿಗಿದರೂ ರಬ್ಬರಿಗೆ ಪೆಟ್ಟಿಲ್ಲ. ಥ್ರೆಡ್ ಕಿತ್ತು ಬರಬಹುದು, ಅದು ಬೇರೆ ಮಾತು. ಆದರೆ ಸರ್ವಿಸಿಗೆ ಬಿಚ್ಚಿದಾಗ ಬುಷ್ ಎಲ್ಲೋ ಉರುಳಿ ಹೋಗಿದ್ದರೆ? ಬೋಲ್ಟಿನ ತಲೆ ನೇರವಾಗಿ ರಬ್ಬರನ್ನು ಚಪ್ಪಟೆ ಮಾಡುತ್ತದೆ. ರಬ್ಬರು ಕಲ್ಲಾಗುತ್ತದೆ. ಇಂಜಿನ್ನಿನ ನಡುಕ ಸೋಸದೆ ಸೀದಾ ಫೈಬರಿಗೆ ಇಳಿಯುತ್ತದೆ. ಅಷ್ಟು ಅಗಲದ ತೆಳ್ಳನೆ ಹಾಳೆ, ಧ್ವನಿವರ್ಧಕದ ಹಾಗೆ ಕೂಗದೆ ಇನ್ನೇನು ಮಾಡೀತು?

'ಇಲ್ಲ ಅಣ್ಣಾ, ಟೈಟ್ ಮಾಡಿದಾಗ ಒಂದು ವಾರ ಸುಮ್ನೆ ಇತ್ತು' ಅನ್ನುತ್ತಾರೆ. ಸುಳ್ಳು ಹೇಳುತ್ತಿಲ್ಲ, ನಿಜವೇ. ತಂಬೂರಿಯ ತಂತಿ ಬಿಗಿ ಮಾಡಿದರೆ ದನಿ ನಿಂತು ಹೋಗುತ್ತದಾ? ಶ್ರುತಿ ಏರುತ್ತದೆ. ಇಲ್ಲೂ ಅದೇ ಕಥೆ. ಪ್ರತಿ ಫೈಬರಿಗೂ ತನ್ನದೇ ಒಂದು ಶ್ರುತಿ ಇದೆ. ಇಂಜಿನ್ನು ಆ ಶ್ರುತಿಗೆ ಬಂದಾಗ ಅದು ದನಿಗೂಡಿಸುತ್ತದೆ. ನೀವು ಬಿಗಿ ಮಾಡಿದಿರಿ, 4500ಕ್ಕೆ ಬರುತ್ತಿದ್ದ ಸದ್ದು 5500ಕ್ಕೆ ಹೋಯಿತು. ಊರೊಳಗೆ ಓಡಿಸುವಾಗ ಅಷ್ಟು ಆರ್‌ಪಿಎಂ ಮುಟ್ಟುವುದೇ ಇಲ್ಲ. ಮುಂದಿನ ಭಾನುವಾರ ಹೈವೇಗೆ ಹತ್ತಿದ ಮೇಲೆ ಶುರುವಾಯಿತು ನೋಡಿ ಮತ್ತೆ.

ನಮ್ಮೂರಿನ ಮೇಷ್ಟ್ರೊಬ್ಬರು ನನಗೆ ತುಂಬಾ ಬೇಕಾದವರು. 2003ರಲ್ಲಿ ಕರಿಜ್ಮಾ ಬಂತಲ್ಲ, ಆ ಮೊದಲ ರೂಪದ್ದೇ ಗಾಡಿ ಅವರದ್ದು. ಹಳದಿ ಬಣ್ಣ. ನಿವೃತ್ತಿಯಾದರೂ ಮಾರಿಲ್ಲ. ಶನಿವಾರ ಅಂದರೆ ಅವರಿಗೆ ಗಾಡಿ ತೊಳೆಯುವ ದಿನ. ತೊಳೆದ ಮೇಲೆ ಎಲ್ ಆಕಾರದ ಅಲೆನ್ ಕೀ ಹಿಡಿದು ಒಂದೊಂದು ಬೋಲ್ಟಿಗೂ ಅರ್ಧ ಸುತ್ತು. ಪೂಜೆಗೆ ಹೂವು ಏರಿಸಿದ ಹಾಗೆ, ತಪ್ಪದೆ. ಅರ್ಧ ಸುತ್ತು ಅಂದರೆ ಏನು ಮಹಾ, ಅಲ್ವಾ? ವರ್ಷಕ್ಕೆ ಐವತ್ತೆರಡು ಶನಿವಾರ. ಒಂದು ದಿನ ಫೈಬರನ್ನು ಹಿಡಿದಿಡುವ ಎಡಗಡೆಯ ಲಾಕ್ ಟಪ್ ಅಂತ ಮುರಿಯಿತು. ಎಂ-ಸೀಲ್ ಮೆತ್ತಿದರು. ಅದರ ಪಕ್ಕ ಬಿರುಕು ಬಂತು. ಮತ್ತೆ ಮೆತ್ತಿದರು. ನನ್ನ ಹತ್ತಿರ ಬರುವ ಹೊತ್ತಿಗೆ ಗಾಡಿಯ ಒಳಗಡೆ ಜೇನುಗೂಡು ಕಟ್ಟಿದ ಹಾಗಿತ್ತು.

ಬಿಚ್ಚಿ ನೋಡಿದೆ. ಒಂದು ಕಡೆಯ ರಬ್ಬರು ಹಪ್ಪಳದ ಹಾಗೆ ತೆಳ್ಳಗಾಗಿ ಅಂಚು ಹರಿದಿತ್ತು. ಬುಷ್ ಇರಲಿಲ್ಲ. ಯಾವ ಕಾಲದಲ್ಲಿ, ಯಾರು ಬಿಚ್ಚಿದಾಗ ಹೋಯಿತೋ ದೇವರಿಗೇ ಗೊತ್ತು. ಹಳೇ ಗಾಡಿ, ಬಿಡಿಭಾಗ ಸುಲಭಕ್ಕೆ ಸಿಗುವುದಿಲ್ಲ. ಇನ್ನೊಂದು ಕಡೆಯ ಬುಷ್ಷನ್ನು ಕೈಯಲ್ಲಿಟ್ಟುಕೊಂಡು ಲೇಥ್ ಅಂಗಡಿಗೆ ಹೋಗಿ ಹಿತ್ತಾಳೆಯಲ್ಲಿ ಅಂಥದ್ದೇ ಒಂದು ಮಾಡಿಸಿಕೊಂಡು ಬಂದೆ. ಮೊದಲ ಸಲ ಉದ್ದ ಒಂಚೂರು ಜಾಸ್ತಿಯಾಗಿ ಫೈಬರು ಲೊಡಲೊಡ ಅಂದಿತು. ಅರದಲ್ಲಿ ಉಜ್ಜಿ ಉಜ್ಜಿ ಸರಿಮಾಡಬೇಕಾಯಿತು. ರಬ್ಬರಿನ ಉಂಗುರಕ್ಕೆ ಆದ ಖರ್ಚು ಒಂದು ಸೆಟ್ ದೋಸೆಯದ್ದು.

ಗಾಡಿ ಕೊಟ್ಟಾಗ ಮೇಷ್ಟ್ರು ಮಾಡಿದ ಮೊದಲ ಕೆಲಸ ಏನು ಗೊತ್ತಾ? ಫೇರಿಂಗನ್ನು ಹಿಡಿದು ಅಲ್ಲಾಡಿಸಿದರು. 'ಲೂಸ್ ಇದೆಯಲ್ಲೋ' ಅಂದರು. 'ಇರಲಿ ಸಾರ್' ಅಂದೆ. ನಂಬಲಿಲ್ಲ. ಹೊಳೆನರಸೀಪುರದವರೆಗೆ ಹೋಗಿ ಬಂದು ಆಮೇಲೆ ನಂಬಿದರು.

ಸದ್ದು ಹುಡುಕುವುದು ಇನ್ನೊಂದು ತಲೆನೋವು. ಕಿವಿಗೆ ಎಲ್ಲಿ ಕೇಳುತ್ತದೋ ಅಲ್ಲೇ ಹುಟ್ಟುತ್ತದೆ ಅಂತಿಲ್ಲ. ನಾನು ಮಾಡುವುದು ಇಷ್ಟು. ನಮ್ಮ ಹುಡುಗ ಗಾಡಿ ಮೇಲೆ ಕೂತು, ಸದ್ದು ಬರುವ ಆರ್‌ಪಿಎಂಗೆ ಆಕ್ಸಿಲರೇಟರ್ ಹಿಡಿದು ನಿಲ್ಲಿಸುತ್ತಾನೆ. ನಾನು ಒಂದೊಂದೇ ಫೈಬರನ್ನು ಅಂಗೈಯಲ್ಲಿ ಒತ್ತುತ್ತಾ ಹೋಗುತ್ತೇನೆ. ಯಾವುದನ್ನು ಒತ್ತಿದಾಗ ನಿಲ್ಲುತ್ತದೋ ಅದರ ಸುತ್ತಮುತ್ತ ಕಳ್ಳ ಇದ್ದಾನೆ. ನಿಂತಲ್ಲಿ ಬಾರದೆ ಓಡುವಾಗ ಮಾತ್ರ ಬರುವ ಸದ್ದಿದ್ದರೆ ಸಂದುಗಳಿಗೆಲ್ಲಾ ಪೇಂಟರುಗಳ ಮಾಸ್ಕಿಂಗ್ ಟೇಪ್ ಅಂಟಿಸಿ ಓಡಿಸಿ. ಸದ್ದು ಹೋದರೆ ಒಂದೊಂದೇ ಟೇಪು ಕಿತ್ತು ನೋಡಿ. ಫೈಬರಿಗೆ ಫೈಬರು ಉಜ್ಜುವ ಜಾಗ ಸಿಕ್ಕಿದರೆ, ಕುರ್ಚಿ ಕಾಲಿಗೆ ಅಂಟಿಸುವ ಮೆತ್ತನೆ ಬಟ್ಟೆಯ ಬಿಲ್ಲೆ ಸಾಕು. ಪಂಕ್ಚರ್ ಅಂಗಡಿಯಲ್ಲಿ ಬಿದ್ದಿರುವ ಸೈಕಲ್ ಟ್ಯೂಬ್ ತುಂಡೂ ಆಗುತ್ತದೆ. ಸ್ಕ್ರೂ ಕಚ್ಚಿಕೊಳ್ಳುವ ಯು ಕ್ಲಿಪ್ಪುಗಳ ಹಿಡಿತ ಹೋಗಿದ್ದರೆ ಬದಲಾಯಿಸಿ. ಅವನ್ನು ಕಟಿಂಗ್ ಪ್ಲೇಯರಿನಲ್ಲಿ ಅಮುಕಿ ಮತ್ತೆ ಹಾಕುವುದು ಎರಡು ದಿನದ ಸಂಭ್ರಮ.

ಸದ್ದು ಆರ್‌ಪಿಎಂ ಜೊತೆ ಬರುತ್ತದೋ ಸ್ಪೀಡ್ ಜೊತೆ ಬರುತ್ತದೋ ಅನ್ನುವುದನ್ನೂ ನೋಡಿಕೊಳ್ಳಿ. ಖಾಲಿ ನೇರ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲದಾಗ, ಸದ್ದು ಬರುವಾಗ ಆಕ್ಸಿಲರೇಟರ್ ಬಿಟ್ಟು ಕ್ಲಚ್ ಹಿಡಿಯಿರಿ. ಆರ್‌ಪಿಎಂ ಇಳಿದ ಕೂಡಲೇ ನಿಂತರೆ ಇಂಜಿನ್ ಕಡೆಯದ್ದು. ನಿಲ್ಲದಿದ್ದರೆ ಗಾಳಿ, ಚಕ್ರ ಅಥವಾ ರಸ್ತೆಯದ್ದು. ಗಾಡಿಯ ಮುಂದೆ ಗಾಳಿ ತಡೆಯುವ ವೈಸರ್ ಬುಡದ ಸ್ಕ್ರೂ ನೋಡಿ, ಮುಂದಿನ ಚಕ್ರ ನೋಡಿ.

ಇದರಲ್ಲಿ ಒಂದು ಎಚ್ಚರಿಕೆ ಇದೆ. ಫೈಬರ್ ಮಾತ್ರವಲ್ಲ, ಹ್ಯಾಂಡಲ್ಲು, ಫುಟ್‌ರೆಸ್ಟು ಕೂಡ ಇದ್ದಕ್ಕಿದ್ದಂತೆ ಜುಂ ಅನ್ನಲು ಶುರುವಾಗಿದ್ದರೆ ಫೇರಿಂಗ್ ಕಡೆ ನೋಡಲೇಬೇಡಿ. ಇಂಜಿನ್ ಮೌಂಟಿಂಗ್ ಬೋಲ್ಟು ಸಡಿಲವಾಗಿರಬಹುದು, ಹ್ಯಾಂಡಲ್ ತಿರುಗುವ ಬೇರಿಂಗು, ಅಂದರೆ ಕೋನ್ ಸೆಟ್, ಅಥವಾ ವೀಲ್ ಬೇರಿಂಗ್ ಹೋಗಿರಬಹುದು. ಇಂಜಿನ್ ಬೋಲ್ಟನ್ನು ಮಾತ್ರ ಸರಿಯಾದ ಅಳತೆಗೆ ಬಿಗಿಯಲೇಬೇಕು. ತಮಾಷೆ ಅಂದರೆ, ಬಿಗಿಯಬೇಕಾದ ಈ ಬೋಲ್ಟನ್ನು ಯಾರೂ ಮುಟ್ಟುವುದಿಲ್ಲ. ಅದು ಕಣ್ಣಿಗೆ ಕಾಣುವುದಿಲ್ಲವಲ್ಲ!

ಫೇರಿಂಗ್ ಬೋಲ್ಟನ್ನು ಬಿಗಿಯುವ ಅಳತೆ (ಟಾರ್ಕ್) ಎಷ್ಟು ಅಂತ ಕೇಳುವವರಿದ್ದಾರೆ. ನಿಮ್ಮ ಗಾಡಿಯ ಸರ್ವಿಸ್ ಪುಸ್ತಕ ಏನು ಹೇಳುತ್ತದೋ ಅದೇ ಕೊನೆಯ ಮಾತು. ಒಂದು ಅಂದಾಜಿಗೆ ಬೇಕಾದರೆ, ಲೋಹಕ್ಕೆ ಕೂರುವ 6 ಮಿಮೀ ಬೋಲ್ಟಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್, 5 ಮಿಮೀ ಸ್ಕ್ರೂಗೆ 4. ಫೈಬರಿಗೇ ನೇರ ಕೂರುವ ಸ್ಕ್ರೂಗೆ ಅದಕ್ಕಿಂತ ಕಡಿಮೆ. ಅಲೆನ್ ಕೀಯ ಉದ್ದನೆ ತುದಿಯನ್ನು ಬೋಲ್ಟಿಗೆ ಕೊಟ್ಟು, ಗಿಡ್ಡನೆಯದನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ. ಬೆರಳು ಸೋತಲ್ಲಿಗೆ ಸಾಕು.

ಸಾಲದ್ದಕ್ಕೆ ಈಗ ಹೊಸದೊಂದು ಚಾಳಿ. ವಿಡಿಯೊ ನೋಡಿ ಬೋಲ್ಟುಗಳಿಗೆಲ್ಲಾ ಥ್ರೆಡ್ ಲಾಕರ್, ಅಂದರೆ ಬೋಲ್ಟು ಸಡಿಲವಾಗದಂತೆ ಹಚ್ಚುವ ಅಂಟು, ಸುರಿಯುತ್ತಾರೆ. ನಾವು ಬಾಯಿಮಾತಿಗೆ ಫೈಬರ್ ಅಂದರೂ ಇದು ಹೆಚ್ಚಿನ ಗಾಡಿಗಳಲ್ಲಿ ಎಬಿಎಸ್ ಅನ್ನುವ ಪ್ಲಾಸ್ಟಿಕ್. ಥ್ರೆಡ್ ಲಾಕರ್ ಅದಕ್ಕೆ ತಾಗಿದರೆ, ಅದರಲ್ಲೂ ಬೋಲ್ಟಿನ ಒತ್ತಡ ಇರುವ ಜಾಗದಲ್ಲಿ, ಜೇಡರ ಬಲೆಯ ಹಾಗೆ ಬಿರುಕು ಬಿಡುತ್ತದೆ. ಲೋಹಕ್ಕೆ ಲೋಹ ಕೂರುವಲ್ಲಿ ಒಂದು ಹನಿ ಹಾಕಿದರೆ ತಪ್ಪಿಲ್ಲ. ಪ್ಲಾಸ್ಟಿಕ್ ಹತ್ತಿರ ಬೇಡ. ಪೆಟ್ರೋಲ್ ಅದ್ದಿದ ಬಟ್ಟೆಯಲ್ಲಿ ಫೇರಿಂಗ್ ಒರೆಸುವುದೂ ಬೇಡ.

ಕೇಬಲ್ ಟೈ ಬಗ್ಗೆ ಬೈಯುವುದಿಲ್ಲ, ದಾರಿಯಲ್ಲಿ ಲಾಕ್ ಮುರಿದರೆ ಅದೇ ಗತಿ. ಆದರೆ ಕಟ್ಟಿದ ಮೇಲೆ ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಿ. ಕೇಬಲ್ಲೋ ಬ್ರೇಕ್ ಹೋಸೋ ಸಿಕ್ಕಿಕೊಂಡಿದ್ದರೆ ಘಾಟಿಯ ತಿರುವಿನಲ್ಲಿ ಗೊತ್ತಾಗುವುದು ಒಳ್ಳೆಯದಲ್ಲ.

ನಾನೂ ಮೋಸ ಹೋಗಿದ್ದೇನೆ, ಅದನ್ನೂ ಹೇಳಿಬಿಡುತ್ತೇನೆ. ಇಂಜಿನಿಯರಿಂಗ್ ಓದುವ ಹುಡುಗನೊಬ್ಬ 220 ತಂದಿದ್ದ. ಹೆಡ್‌ಲೈಟ್ ಹಿಂದೆ ಕಟಕಟ. ಆಗಲೇ ಇಬ್ಬರ ಹತ್ತಿರ ಬಿಚ್ಚಿಸಿದ್ದಾನೆ. ಒಳಗೆ ಥರ್ಮಾಕೋಲು, ಬೆಂಕಿಪೊಟ್ಟಣದ ರಟ್ಟು, ಒಂದು ಹಳೇ ಸಾಕ್ಸು ಕೂಡ ಇತ್ತು. ಎಲ್ಲಾ ತೆಗೆದೆ. ರಬ್ಬರು ಹೊಸದು, ಬುಷ್ಷು ಸರಿ ಇದೆ, ಕ್ಲಿಪ್ಪು ಸರಿ ಇದೆ. ಗ್ಯಾರೇಜಿನಲ್ಲಿ ಸ್ಟಾರ್ಟ್ ಮಾಡಿದರೆ ಸದ್ದೇ ಇಲ್ಲ. ಖುಷಿಯಾಗಿ ಕೊಟ್ಟು ಕಳಿಸಿದೆ. ಹತ್ತು ನಿಮಿಷಕ್ಕೆ ವಾಪಸ್ ಬಂದ. 'ಅಂಕಲ್, ಹಾಗೇ ಇದೆ.'

ಮತ್ತೆ ಬಿಚ್ಚಿದೆ. ಮತ್ತೆ ಸದ್ದಿಲ್ಲ. ಮಧ್ಯಾಹ್ನದ ಊಟ ತಪ್ಪಿತು, ಸಿಟ್ಟೂ ಬಂತು. ಕೊನೆಗೆ ಅವನನ್ನೇ ಗಾಡಿ ಓಡಿಸಲು ಹೇಳಿ ಹಿಂದೆ ಕೂತು ಹೊರಟೆ. ಭುಜದ ಮೇಲಿಂದ ಬಗ್ಗಿ ನೋಡುತ್ತೇನೆ, ಗಾಡಿ ಕೀ ಜೊತೆ ರೂಮಿನ ಕೀ, ಊರ ಮನೆಯ ಕೀ, ಹಾಸ್ಟೆಲ್ ಬೀರುವಿನ ಕೀ, ಜೊತೆಗೆ ಧರ್ಮಸ್ಥಳದಿಂದ ತಂದ ಹಿತ್ತಾಳೆಯ ಕೀ ಚೈನು. ಎಲ್ಲಾ ಸೇರಿ ಕೀ ತೂತಿನ ಪಕ್ಕದ ಲೋಹದ ಟಿ ಪ್ಲೇಟಿಗೆ ತಾಳ ಹಾಕುತ್ತಿವೆ. ಗ್ಯಾರೇಜಿಗೆ ಬಂದಾಗ ಅವನು ಗೊಂಚಲು ಬಿಡಿಸಿ ಬರೀ ಗಾಡಿಯ ಕೀ ಒಂದನ್ನೇ ನನ್ನ ಕೈಗೆ ಕೊಡುತ್ತಿದ್ದ!

ಅವತ್ತಿನಿಂದ ಸದ್ದು ಅಂತ ಯಾರೇ ಬಂದರೂ ಸ್ಪ್ಯಾನರ್ ಮುಟ್ಟುವ ಮೊದಲು ಕೀ ಗೊಂಚಲು ಕೇಳುತ್ತೇನೆ. ನಂಬರ್ ಪ್ಲೇಟನ್ನೂ ಒಮ್ಮೆ ತಟ್ಟುತ್ತೇನೆ.

ಮೇಷ್ಟ್ರು ಮೊನ್ನೆ ಶನಿವಾರ ಬಂದಿದ್ದರು. ಕರಿಜ್ಮಾದ ಫೇರಿಂಗ್ ಬೋಲ್ಟು ಮುಟ್ಟಿಲ್ಲ ಅಂತ ಆಣೆ ಮಾಡಿದರು. ಈಗ ಅವರ ಗುಮಾನಿ ಸೈಡ್ ಸ್ಟ್ಯಾಂಡಿನ ಮೇಲಿದೆ.